ಅಳದ ಮಗುಗೆ ಗಡಿಯಾರ ನೋಡಿ ಹಾಲು

ಪೋಷಣ ಮಾಸದ ಸಾಮೂಹಿಕ ಸೀಮಂತದಲ್ಲಿ ನಾನು ಮಾತಾಡಿದ್ದನ್ನ ಬರೆದುಕೊಡಿ ಅಂತ ಅಂಗನವಾಡಿ ಟೀಚರ್ ಕೇಳಿದ್ರು. ಅಲ್ಲಿ ಹೇಗೆ ಹೇಳಿದ್ನೋ ಹಾಗೇ ಬರೆದಿದೀನಿ, ಅವತ್ತು ಬಿಟ್ಟುಹೋಗಿದ್ದ ಒಂದೆರಡು ವಿಷ್ಯ ಸೇರಿಸಿದೀನಿ ಅಷ್ಟೆ.

ಬಳೆ ತೊಟ್ಟು ಹೂ ಮುಡಿದು ಮಡಿಲು ತುಂಬಿಸ್ಕೊಂಡು ಕೂತಿರೋ ಎಲ್ಲ ತಾಯಂದಿರಿಗೂ, ಜೊತೆಗೆ ಬಂದಿರೋ ಅತ್ತೆಯವರಿಗೂ ಅಮ್ಮಂದಿರಿಗೂ ನಮಸ್ಕಾರ. ಇಂಥ ಶುಭದ ದಿನ ತಿಂಗಳು ತುಂಬದ ಮಗು, ಆಸ್ಪತ್ರೆ ಅಂತೆಲ್ಲ ಮಾತಾಡ್ಬೇಕಾ ಅಂತ ನಂಗೂ ಅನ್ನಿಸ್ತು. ಆದ್ರೆ ಇಲ್ಲಿ ಇಬ್ರಿಗೆ ಅವಳಿ ಇದೆ ಅಂತ ಆಶಾ ಅಕ್ಕ ಹೇಳಿದ್ರು, ಅದಕ್ಕೇ ಒಪ್ಕೊಂಡೆ. ಯಾಕಂದ್ರೆ ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರ ತುಂಬೋಕೆ ಮುಂಚೇನೇ ಹುಟ್ಟೋದು. ಈ ಒಂದು ಮಾತನ್ನ ನಂಗೆ ಯಾರಾದ್ರೂ ಮೊದಲೇ ಹೇಳಿದ್ರೆ ಅವತ್ತು ರಾತ್ರಿ ನಾನು ಅಷ್ಟು ಹೆದರ್ತಿರ್ಲಿಲ್ಲ, ಆಮೇಲೆ ಅಷ್ಟು ಮೈಮರೀತಾನೂ ಇರ್ಲಿಲ್ಲ.

ನಂದು 34 ವಾರ 5 ದಿನ. ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಹೋಯ್ತು, ನಮ್ಮೆಜಮಾನ್ರು 108ಕ್ಕೆ ಫೋನ್ ಮಾಡಿದ್ರು, ಬೆಳಗಿನ ಜಾವ ಸಿಸೇರಿಯನ್ ಆಯ್ತು. ಮೊದಲು ಗಂಡು, 2 ಕೆಜಿ 100 ಗ್ರಾಂ. ಎರಡು ನಿಮಿಷ ಬಿಟ್ಟು ಹೆಣ್ಣು, 1 ಕೆಜಿ 780 ಗ್ರಾಂ. ನಮ್ಮನೇಲಿ ಇವತ್ತಿಗೂ ದೊಡ್ಡೋನು ಚಿಕ್ಕೋಳು ಅಂತಾನೇ ಕರೆಯೋದು, ಇಲ್ಲೂ ಹಾಗೇ ಹೇಳ್ತೀನಿ. ಒಟ್ಟು 13 ದಿನ ಆಸ್ಪತ್ರೇಲಿದ್ವಿ.

ವಾರ್ಡಿಗೆ ಬಂದ ಮೊದಲ ದಿನಾನೇ ಪಕ್ಕದ ಬೆಡ್ಡಿನ ಅಜ್ಜಿ ಒಬ್ರು, ಪಾಪ ಕೆಟ್ಟ ಮನಸ್ಸಿಂದಲ್ಲ, "ಏಳು ತಿಂಗಳಿಗಾದ್ರೂ ಪರವಾಗಿಲ್ಲ ಕಣವ್ವ, ಎಂಟರದ್ದು ದಕ್ಕೋದು ಕಷ್ಟ" ಅಂದ್ರು. ಈ ಮಾತು ನೀವೂ ಕೇಳಿರ್ತೀರ. ಇದು ಸುಳ್ಳು, ಇದನ್ನ ಇವತ್ತಿಂದ ಬಿಟ್ಬಿಡಿ. ಹೊಟ್ಟೇಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುಗೆ ಒಳ್ಳೇದೇ, ಎಂಟು ತಿಂಗಳಿನ ಮಗು ಏಳು ತಿಂಗಳಿನದಕ್ಕಿಂತ ಗಟ್ಟೀನೇ. ಆ ಮಾತು ಕೇಳಿ ನಾನು ಇಡೀ ರಾತ್ರಿ ಗೋಡೆ ಕಡೆ ಮುಖ ಮಾಡ್ಕೊಂಡು ಅತ್ತಿದೀನಿ. ಬಾಣಂತಿ ಹತ್ರ ಆಡೋ ಮಾತು ಎಷ್ಟು ಒಳಗೆ ಹೋಗುತ್ತೆ ಅಂತ ಹೇಳಿದವರಿಗೆ ಗೊತ್ತೇ ಆಗಲ್ಲ.

ಈಗ ಮುಖ್ಯ ವಿಷ್ಯ. 34 ವಾರದಿಂದ 37 ತುಂಬೋವರೆಗೆ ಹುಟ್ಟೋ ಮಕ್ಕಳದ್ದು ಒಂದು ವಿಚಿತ್ರ ಏನಂದ್ರೆ, ನೋಡೋಕೆ ಎಲ್ಲಾ ಸರಿಯಾಗೇ ಇರ್ತಾವೆ, ಕೈಕಾಲು ಉಗುರು ಕೂದಲು ಎಲ್ಲಾ ಇರುತ್ತೆ, ಒಂಚೂರು ಸಣ್ಣ ಅಷ್ಟೆ, ಹಾಗಾಗಿ ನಾವು ಇವನ್ನ ಸಣ್ಣ ಸೈಜಿನ ತುಂಬು ತಿಂಗಳ ಮಕ್ಕಳು ಅನ್ಕೊಂಡ್ಬಿಡ್ತೀವಿ. ಅಲ್ಲೇ ಎಡವೋದು. 34 ವಾರಕ್ಕೆ ಮಗುವಿನ ಮಿದುಳಿನ ತೂಕ ತುಂಬು ತಿಂಗಳ ಮಗುವಿನ ಮಿದುಳಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹಾಲು ಚೀಪೋದು, ನುಂಗೋದು, ಮಧ್ಯೆ ಉಸಿರು ತಗೊಳ್ಳೋದು, ಈ ಮೂರನ್ನೂ ಒಂದಕ್ಕೊಂದು ಹೊಂದಿಸೋ ಶಕ್ತಿ 34ರ ಆಸುಪಾಸಲ್ಲಿ ಇನ್ನೂ ಈಗ ಶುರುವಾಗಿರುತ್ತೆ. ನಾಲ್ಕು ಸಲ ಚೀಪ್ತಾವೆ, ಸುಸ್ತಾಗಿ ಬಾಯಲ್ಲಿಟ್ಕೊಂಡೇ ನಿದ್ದೆ ಹೋಗ್ತಾವೆ. ನಾವು ಹೊಟ್ಟೆ ತುಂಬ್ತು ಅನ್ಕೊಳ್ತೀವಿ. ತುಂಬಿರಲ್ಲ.

ಚಿಕ್ಕೋಳಿಗೆ ಹುಟ್ಟಿದ ತಕ್ಷಣ ಉಸಿರಾಟ ಜೋರಿತ್ತು, ನರಳ್ತಾ ಇದ್ಲು, ಹಿಮ್ಮಡಿ ಚುಚ್ಚಿ ಶುಗರ್ ನೋಡಿದ್ರು, 38 ಬಂತು. 45ಕ್ಕಿಂತ ಕೆಳಗೆ ಹೋದ್ರೆ ಸುಮ್ನೆ ಬಿಡಲ್ಲ, ಹಾಗಾಗಿ ನೇರ ಎಸ್‌ಎನ್‌ಸಿಯುಗೆ ಕರ್ಕೊಂಡು ಹೋದ್ರು, ಅಂದ್ರೆ ಎಳೆಮಕ್ಕಳ ವಿಶೇಷ ಆರೈಕೆ ಘಟಕ. ದೊಡ್ಡೋನನ್ನ ನನ್ನ ಪಕ್ಕದಲ್ಲೇ ಮಲಗಿಸಿದ್ರು. ಎಲ್ಲರ ಜೀವ ಎಸ್‌ಎನ್‌ಸಿಯು ಬಾಗಿಲಲ್ಲಿತ್ತು. ನಮ್ಮೆಜಮಾನ್ರು ಅಲ್ಲಿ, ನಮ್ಮಮ್ಮ ಅಲ್ಲಿ, ನನ್ನ ಮನಸ್ಸೂ ಅಲ್ಲೇ. ದೊಡ್ಡೋನು ಮಲಗಿದ್ರೆ ಐದು ಗಂಟೆ ಎದ್ದೇಳ್ತಿರ್ಲಿಲ್ಲ. "ಎಷ್ಟು ಒಳ್ಳೆ ಮಗು ನೋಡು, ತಂಗಿ ಕಷ್ಟ ಗೊತ್ತಾಗಿ ಸುಮ್ನಿದಾನೆ" ಅಂತ ಬಂದವರೆಲ್ಲ ಅಂದ್ರು, ನಾನೂ ನಂಬಿದೆ. ಹಾಲು ಕುಡಿಸೋಕೆ ಅವನು ಅಳ್ಲಿ ಅಂತ ಕಾಯ್ತಿದ್ದೆ. ಅತ್ತ ಮಗುಗೆ ಹಾಲು ಅಂತ ತಾನೇ ನಾವು ಕೇಳ್ಕೊಂಡು ಬೆಳೆದಿರೋದು.

ನಾಲ್ಕನೇ ದಿನ ಬೆಳಿಗ್ಗೆ ಡ್ಯೂಟಿಗೆ ಬಂದ ಸಿಸ್ಟರ್ ಒಬ್ರು ಕಿಟಕಿ ಹತ್ರ ಎತ್ಕೊಂಡು ಹೋಗಿ ಅವನ ಎದೆ ಮೇಲೆ ಬೆರಳಲ್ಲಿ ಒತ್ತಿ ತೆಗೆದ್ರು. ಒತ್ತಿದ ಜಾಗ ಅರಿಶಿನದ ಹಾಗಿತ್ತು. ಹೊಟ್ಟೇಲೂ ಹಾಗೇ, ತೊಡೇಲೂ ಹಾಗೇ. ತೂಕ ಹಾಕಿದ್ರು, 1 ಕೆಜಿ 895. ಹುಟ್ಟಿದಾಗಿಗಿಂತ 200 ಗ್ರಾಂ ಮೇಲೆ ಇಳಿದಿತ್ತು. ಮೊದಲ ವಾರ ಮಕ್ಕಳ ತೂಕ ಇಳಿಯೋದು ಸಹಜ, ಆದ್ರೆ ಹತ್ತು ಪರ್ಸೆಂಟ್ ಹತ್ರ ಹೋಯ್ತು ಅಂದ್ರೆ ಹಾಲು ಸಾಕಾಗ್ತಿಲ್ಲ ಅಂತಾನೇ ಲೆಕ್ಕ. ರಕ್ತ ತೆಗೆದ್ರು, ಬಿಲಿರುಬಿನ್ 17, ಅಂದ್ರೆ ಜಾಂಡೀಸಲ್ಲಿ ಮೈ ಹಳದಿ ಮಾಡೋ ವಸ್ತು ಅದು. ಸಿಸ್ಟರ್ ಕೇಳಿದ್ರು, "ಉಚ್ಚೆ ಎಷ್ಟು ಸಲ ಮಾಡ್ದ ನಿನ್ನೆ?" ನಂಗೆ ಗೊತ್ತಿರ್ಲಿಲ್ಲ. ಚಿಕ್ಕೋಳಿಗೆ ಎಷ್ಟು ಎಂಎಲ್ ಕೊಟ್ಟಿದಾರೆ, ಆಕ್ಸಿಜನ್ ಎಷ್ಟಿದೆ ಎಲ್ಲಾ ಬಾಯಿಪಾಠ ಇತ್ತು, ಪಕ್ಕದಲ್ಲೇ ಮಲಗಿದ್ದ ಮಗು ಉಚ್ಚೆ ಮಾಡ್ದ್ನಾ ಇಲ್ವಾ ಗೊತ್ತಿರ್ಲಿಲ್ಲ. ಅವನು ಒಳ್ಳೆ ಮಗು ಆಗಿ ಮಲಗಿರ್ಲಿಲ್ಲ ಕಣ್ರಮ್ಮ, ಅಳೋಕೆ ಶಕ್ತಿ ಇಲ್ದೆ ಮಲಗಿದ್ದ. ಹಾಲು ಕಮ್ಮಿಯಾದ್ರೆ ಜಾಂಡೀಸ್ ಏರುತ್ತೆ, ಜಾಂಡೀಸ್ ಏರಿದ್ರೆ ಇನ್ನೂ ಮಂಕಾಗಿ ನಿದ್ದೆ ಮಾಡ್ತಾವೆ, ನಿದ್ದೆ ಮಾಡಿದ್ರೆ ಹಾಲು ಇನ್ನೂ ಕಮ್ಮಿ. ಹೀಗೆ ಸುತ್ತಿ ಸುತ್ತಿ ಬರುತ್ತೆ ಅದು. ಬಿಲಿರುಬಿನ್ ತೀರಾ ಜಾಸ್ತಿ ಆಗಿ ಮಿದುಳಿಗೆ ಹೋಯ್ತು ಅಂದ್ರೆ ಕಿವಿ ಕೇಳಿಸದೇ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಅದು ವಾಪಸ್ ಸರಿಹೋಗಲ್ಲ. ನಮ್ಮದು ಅಲ್ಲಿಗೆ ಹೋಗ್ಲಿಲ್ಲ, ಆ ಸಿಸ್ಟರ್ ಕೈ ನನ್ನ ಮಗನ ಎದೆ ಮೇಲೆ ಬಿದ್ದಿದ್ದಕ್ಕೆ.

ಈ ತಿಂಗಳು ತುಂಬದ ಮಕ್ಕಳಿಗೆ ಜಾಂಡೀಸ್ ನಿಧಾನಕ್ಕೆ ಬಂದು ನಿಧಾನಕ್ಕೆ ಹೋಗುತ್ತೆ, ಐದರಿಂದ ಏಳನೇ ದಿನಕ್ಕೆ ಜೋರಾಗುತ್ತೆ. ಅಂದ್ರೆ ಬೇಗ ಡಿಸ್ಚಾರ್ಜ್ ಮಾಡಿಸ್ಕೊಂಡು ಮನೆಗೆ ಹೋದ್ಮೇಲೆ. ಎರಡನೇ ದಿನ ಚೆನ್ನಾಗಿದೆ, ಮೂರನೇ ದಿನ ಕರ್ಕೊಂಡು ಹೋಗ್ತೀವಿ ಅಂತ ಡಾಕ್ಟರ್ ಹತ್ರ ಜಗಳ ಆಡೋರು ಇದನ್ನ ಯೋಚ್ನೆ ಮಾಡ್ಬೇಕು. ಅಂಗೈ ಅಂಗಾಲು ಹಳದಿ ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೀನೇ ಹೊರಡಿ.

ದೊಡ್ಡೋನನ್ನ ನೀಲಿ ಲೈಟಿನ ಕೆಳಗೆ ಮಲಗಿಸಿದ್ರು, ಕಣ್ಣಿಗೆ ಪಟ್ಟಿ, ಮೈಮೇಲೆ ಡೈಪರ್ ಒಂದೇ. ನಮ್ಮತ್ತೆ ನೋಡಿ ಸೆರಗು ಬಾಯಿಗಿಟ್ಕೊಂಡ್ರು. ಮನೆಗೆ ಕರ್ಕೊಂಡು ಹೋಗಿ ಎಳೆಬಿಸಿಲಿಗೆ ಹಿಡಿಯೋಣ, ಈ ಲೈಟೆಲ್ಲ ಯಾಕೆ ಅಂದ್ರು. ಅವರ ಮಾತಲ್ಲೂ ಒಂದು ಸತ್ಯ ಇದೆ, ನಾನು ಆಮೇಲೆ ಓದಿದ್ದು. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೇಲಿ ಜೀನ್ ವಾರ್ಡ್ ಅಂತ ಒಬ್ರು ಸಿಸ್ಟರ್ ತಿಂಗಳು ತುಂಬದ ಮಕ್ಕಳನ್ನ ಅಂಗಳಕ್ಕೆ ಬಿಸಿಲಿಗೆ ಕರ್ಕೊಂಡು ಹೋಗ್ತಿದ್ರಂತೆ. ಒಂದು ಮಗುವಿನ ಮೈಯೆಲ್ಲಾ ಹಳದಿ ಇಳಿದಿದೆ, ಬಟ್ಟೆ ಮುಚ್ಚಿದ್ದ ಒಂದು ಮೂಲೆ ಜಾಗ ಮಾತ್ರ ಹಳದಿಯಾಗೇ ಉಳಿದಿದೆ, ಅದನ್ನ ಅವರು ಡಾಕ್ಟರಿಗೆ ತೋರಿಸಿದ್ರು. ಈ ನೀಲಿ ಲೈಟಿನ ಚಿಕಿತ್ಸೆ ಶುರುವಾಗಿದ್ದೇ ಅಲ್ಲಿಂದ. ಬೆಳಕು ತಾಗಿದ್ರೆ ಬಿಲಿರುಬಿನ್ ಮೈಯಿಂದ ಹೊರಗೆ ಹೋಗೋ ರೂಪಕ್ಕೆ ಬದಲಾಗುತ್ತೆ. ಹಾಗಂತ ಬಿಸಿಲೇ ಸಾಕು ಅಂತಲ್ಲ, ಬಿಸಿಲಲ್ಲಿ ಎಷ್ಟು ಬೆಳಕು ತಾಗ್ತು ಅನ್ನೋ ಅಳತೆ ಇಲ್ಲ, 1 ಕೆಜಿ 900 ಗ್ರಾಂ ಮಗುನ ಬರೀ ಮೈಯಲ್ಲಿ ಹೊರಗೆ ಹಿಡಿದ್ರೆ ಮೈ ತಣ್ಣಗಾಗುತ್ತೆ ಇಲ್ಲಾ ಚರ್ಮ ಸುಡುತ್ತೆ. ನಮ್ಮತ್ತೆಗೆ ಆ ಸಿಸ್ಟರ್ ಕಥೆ ಹೇಳಿದ್ಮೇಲೆ ಸಮಾಧಾನ ಆಯ್ತು. ಆಮೇಲೆ ಎರಡು ದಿನ ಅವರೇ ಲೈಟಿನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು, ಕಣ್ಣಿನ ಪಟ್ಟಿ ಜಾರಿದ್ರೆ ಸಿಸ್ಟರನ್ನ ಕರೀತಿದ್ರು.

ಅವತ್ತಿಂದ ನಾವು ಒಂದು ಪುಸ್ತಕ ಇಟ್ವಿ. ಇದೇ ನೋಡಿ, 100 ಪೇಜಿಂದು, ರಟ್ಟು ಕಿತ್ತುಹೋಗಿದೆ. ಎಡಗಡೆ ಪುಟ ದೊಡ್ಡೋನಿಗೆ, ಬಲಗಡೆ ಚಿಕ್ಕೋಳಿಗೆ. ಓದ್ತೀನಿ ಕೇಳಿ, ಆರನೇ ದಿನ ರಾತ್ರಿ ನಮ್ಮೆಜಮಾನ್ರ ಕೈಬರಹ: "2.10, ಎದೆ ಎಡಕ್ಕೆ 12 ನಿಮಿಷ, ಒಳಲೆ 10, ಉಚ್ಚೆ 1, ಕಕ್ಕ ಹಳದಿ. 4.15, ಏಳ್ಲಿಲ್ಲ, ಅಂಗಾಲು ತಿಕ್ಕಿದ್ವಿ, ಎದೆ 6 ನಿಮಿಷ, ಒಳಲೆ 15." ಒಳಲೆ 10 ಅಂದ್ರೆ ಒಳಲೇಲಿ ಕುಡಿಸಿದ ಹಾಲು 10 ಎಂಎಲ್ ಅಂತ. ಅವಳಿ ಮಕ್ಕಳಿಗೆ ಈ ಪುಸ್ತಕ ಬೇಕೇ ಬೇಕು, ಯಾಕಂದ್ರೆ ಮೂರು ದಿನ ನಿದ್ದೆ ಇಲ್ದಿರೋ ತಲೇಲಿ ಈಗ ಕುಡಿಸಿದ್ದು ಯಾರಿಗೆ ಅಂತಾನೇ ಮರೆತುಹೋಗುತ್ತೆ, ಒಂದಕ್ಕೆ ಎರಡು ಸಲ ಕುಡಿಸಿ ಇನ್ನೊಂದನ್ನ ಮರೆಯೋದು ಆಗುತ್ತೆ. ಕೈಗೆ ಕಟ್ಟಿರೋ ಟ್ಯಾಗ್ ಬಿಚ್ಬೇಡಿ. ಇಬ್ರಿಗೂ ಇರೋದು ಅಮ್ಮನ ಹೆಸರೇ, ಟ್ವಿನ್ 1, ಟ್ವಿನ್ 2 ಅಂತ ಮಾತ್ರ ವ್ಯತ್ಯಾಸ, ಡ್ರಾಪ್ಸ್ ಹಾಕೋವಾಗ ರಕ್ತ ತೆಗೆಯೋವಾಗ ಪ್ರತಿ ಸಲ ಟ್ಯಾಗ್ ಓದಿ ಹೇಳಿ ಅಂತ ಕೇಳಿ, ಅದರಲ್ಲಿ ಸಂಕೋಚ ಬೇಡ.

ಗಡಿಯಾರದ ಲೆಕ್ಕ ಹೇಳ್ತೀನಿ. ಎರಡು ಗಂಟೆಗೊಂದು ಸಲ, ಅಂದ್ರೆ ದಿನಕ್ಕೆ ಹನ್ನೆರಡು. ಹಾಲು ಮೊದಲ ದಿನ ಒಂದು ಕೆಜಿ ತೂಕಕ್ಕೆ 60 ಎಂಎಲ್ ಲೆಕ್ಕ, ಚಿಕ್ಕೋಳಿಗೆ ಅದು ಒಂದು ಸಲಕ್ಕೆ 9 ಎಂಎಲ್ ಬಂತು. ಎರಡು ಟೀ ಚಮಚದಷ್ಟೂ ಇಲ್ಲ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ್ರು, ವಾರದ ಹೊತ್ತಿಗೆ ಸಲಕ್ಕೆ 22 ಆಗಿತ್ತು. ನಿಮ್ಮ ಮಗುಗೆ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳ್ಬೇಕು, ನಾನು ಇದನ್ನ ಹೇಳಿದ್ದು ಯಾಕಂದ್ರೆ ಮೊದಲ ದಿನ ನಂಗೆ ಹಾಲೇ ಇಲ್ಲ ಅಂತ ನಾನು ಅತ್ತಿದ್ದೆ. ಹಿಂಡಿದ್ರೆ ಬಟ್ಟಲಿನ ತಳಕ್ಕೆ ಅಂಟೋವಷ್ಟು ಹಳದಿ ಹಾಲು ಬರ್ತಿತ್ತು. ಸಿಸ್ಟರ್ ಅದನ್ನೇ ಸಿರಿಂಜಲ್ಲಿ ಎಳ್ಕೊಂಡು, "ಇದು ಚಿನ್ನ ಕಣಮ್ಮ, ಒಂದು ತೊಟ್ಟೂ ಚೆಲ್ಬೇಡ" ಅಂತ ಎಸ್‌ಎನ್‌ಸಿಯುಗೆ ತಗೊಂಡು ಹೋದ್ರು. ಆ ಮೊದಲ ಹಾಲನ್ನ ಹಿಂಡಿ ಚೆಲ್ಲೋ ಮನೆಗಳು ಇವತ್ತಿಗೂ ಇವೆ, ದಯವಿಟ್ಟು ಚೆಲ್ಬೇಡಿ. ಮಗು ದೂರ ಇದ್ರೂ ದಿನಕ್ಕೆ ಎಂಟು ಹತ್ತು ಸಲ ಕೈಯಲ್ಲಿ ಹಿಂಡಿ ತೆಗೀಬೇಕು, ರಾತ್ರೀನೂ ತೆಗೀಬೇಕು, ತೆಗೆದಷ್ಟೂ ಬರುತ್ತೆ. ಮಗು ಬರ್ಲಿ ಆಮೇಲೆ ನೋಡೋಣ ಅಂತ ಬಿಟ್ರೆ ಬತ್ತುತ್ತೆ. ನಿಜವಾಗ್ಲೂ ಸಾಲದೇ ಹೋದ್ರೆ ಕೆಲವು ಆಸ್ಪತ್ರೆಗಳಲ್ಲಿ ಬೇರೆ ತಾಯಂದಿರು ದಾನ ಕೊಟ್ಟ ಹಾಲು ಇರುತ್ತೆ, 62.5 ಡಿಗ್ರೀಲಿ ಅರ್ಧ ಗಂಟೆ ಕಾಯಿಸಿ ಶುದ್ಧ ಮಾಡಿ ಇಟ್ಟಿರ್ತಾರೆ. ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೇಲಿ.

ಒಳಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ದೋಣಿ ಥರ ಮುಂದೆ ಮೂತಿ ಇರೋದು, ನಿಮ್ಮಲ್ಲಿ ತುಂಬಾ ಜನರ ಮನೇಲಿ ಬೆಳ್ಳಿದು ಇರುತ್ತೆ, ಆಸ್ಪತ್ರೇಲಿ ಪಾಲಡೈ ಅಂತಾರೆ. ಬಾಟಲಿ ಬೇಡ, ಒಳಲೇನೇ ತನ್ನಿ ಅಂತ ಸಿಸ್ಟರ್ ಅಂದಾಗ ನಮ್ಮಮ್ಮನ ಮುಖ ಅರಳ್ತು, ನನಗೆ ಕುಡಿಸಿದ್ದ ಒಳಲೇನೇ ಊರಿಂದ ತರಿಸಿದ್ರು. ಆದ್ರೆ ಕುಡಿಸೋ ರೀತಿ ಮಾತ್ರ ಬದಲಾಗ್ಬೇಕಿತ್ತು. ನಮ್ಮಲ್ಲಿ ಕಾಲು ನೀಡ್ಕೊಂಡು ಕೂತು, ಮಗುನ ಕಾಲ ಮೇಲೆ ಅಂಗಾತ ಮಲಗಿಸಿ, ಬಾಯೊಳಗೆ ಸುರಿಯೋ ರೂಢಿ. ಈ ಮಕ್ಕಳಿಗೆ ಹಾಗೆ ಮಾಡಿದ್ರೆ ಹಾಲು ಉಸಿರಿನ ನಾಳಕ್ಕೆ ಹೋಗ್ಬಿಡುತ್ತೆ. ತಲೆ ಕತ್ತು ಒಂದು ಕೈಯಲ್ಲಿ ಹಿಡಿದು ಮಗುನ ಅರ್ಧ ಕೂರಿಸ್ಬೇಕು, ಒಳಲೆ ಮೂತಿ ಕೆಳತುಟಿ ಮೇಲೆ ಇಡ್ಬೇಕು, ಹಾಲು ತುಟಿಗೆ ತಾಗೋವಷ್ಟು ಮಾತ್ರ ಬಗ್ಗಿಸ್ಬೇಕು, ಆಮೇಲೆ ಕೈ ನಿಲ್ಲಿಸ್ಬೇಕು. ಮಗು ನಾಲಿಗೆ ಹಾಕಿ ತಾನೇ ಎಳ್ಕೊಳ್ಳುತ್ತೆ. ನುಂಗಿದ್ದು ಗಂಟಲಲ್ಲಿ ಕಾಣುತ್ತೆ, ಉಸಿರು ತಗೊಳ್ಳುತ್ತೆ, ಆಮೇಲೆ ಇನ್ನೊಂದು ತೊಟ್ಟು. ಹತ್ತು ಎಂಎಲ್‌ಗೆ ಹದಿನೈದು ನಿಮಿಷ ಆದ್ರೂ ಆಗ್ಲಿ. ನಮ್ಮಮ್ಮ ಎಷ್ಟು ಮಕ್ಕಳಿಗೆ ಎರೆದು ಕುಡಿಸಿ ಬೆಳೆಸಿದ ಕೈ, ಆದ್ರೂ ಸಿಸ್ಟರ್ ಮುಂದೆ ಕೂತು ಹೊಸದಾಗಿ ಕಲಿತ್ರು. ನಾನು ಅದನ್ನ ಯಾವತ್ತೂ ಮರೆಯಲ್ಲ. ಪ್ರತಿ ಸಲ ಸೋಪಲ್ಲಿ ತೊಳೆದು ಹತ್ತು ನಿಮಿಷ ಕುದಿಸ್ಬೇಕು, ಇದರಲ್ಲಿ ರಿಯಾಯ್ತಿ ಇಲ್ಲ.

ಮೊದಲು ಎದೆಗೆ ಹಾಕೋದು, ಆಮೇಲೆ ಹಿಂಡಿದ ಹಾಲು ಒಳಲೇಲಿ, ಎಲ್ಲಾ ಸೇರಿ ಅರ್ಧ ಗಂಟೆ ಒಳಗೆ ಮುಗೀಬೇಕು, ಇಲ್ಲಾಂದ್ರೆ ಕುಡಿದಿದ್ದೆಲ್ಲಾ ಕುಡಿಯೋ ಸುಸ್ತಿಗೇ ಖರ್ಚಾಗುತ್ತೆ. ಎಬ್ಬಿಸೋಕೆ ಬಟ್ಟೆ ಬಿಚ್ಚಿ, ಡೈಪರ್ ಬದಲಾಯಿಸಿ, ಅಂಗಾಲು ಬೆನ್ನು ಮೆಲ್ಲಗೆ ತಿಕ್ಕಿ. ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ಲ, ಎರಡು ಸಲ ಹಾಲು ಬೇಡ ಅಂತು ಅಂದ್ರೆ ಅದು ಸಿಸ್ಟರನ್ನ ಕೂಗೋ ವಿಷ್ಯ. ಅವಳಿ ಮಕ್ಕಳಿಗೆ ಇನ್ನೊಂದು ಉಪಾಯ, ಎರಡು ಕಂಕುಳ ಕೆಳಗೆ ದಿಂಬಿಟ್ಟು ಎರಡು ಮಕ್ಕಳ ಕಾಲೂ ಹಿಂದಕ್ಕೆ ಬರೋ ಹಾಗೆ ಹಿಡಿದ್ರೆ ಇಬ್ರಿಗೂ ಒಟ್ಟಿಗೇ ಕುಡಿಸಬಹುದು, ಹೊಲಿಗೆ ಹಾಕಿದ ಹೊಟ್ಟೆ ಮೇಲೆ ಭಾರಾನೂ ಬೀಳಲ್ಲ.

ಇನ್ನು ಕಾಂಗರೂ ಆರೈಕೆ. ಮಗುನ ಬರೀ ಮೈಯಲ್ಲಿ, ಟೋಪಿ ಡೈಪರ್ ಮಾತ್ರ ಹಾಕಿ, ಎದೆಗೆ ಎದೆ ತಾಗೋ ಹಾಗೆ ಕಟ್ಕೊಳ್ಳೋದು. 1970ರ ದಶಕದ ಕೊನೇಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ಡಾಕ್ಟರು ಇನ್‌ಕ್ಯುಬೇಟರ್ ಸಾಲ್ದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನ ಹಾಕ್ಬೇಕಾಗಿ ಬಂದಾಗ ಶುರು ಮಾಡಿದ್ದು. ಈಗ ಇದು ಇನ್‌ಕ್ಯುಬೇಟರ್ ಇಲ್ದಿರೋ ಬಡವರ ಉಪಾಯ ಅಲ್ಲ. 2021ರಲ್ಲಿ ಭಾರತ ಸೇರಿ ಐದು ದೇಶದಲ್ಲಿ ಮಾಡಿದ ಅಧ್ಯಯನ ಪ್ರಕಟ ಆಯ್ತು, 1ರಿಂದ 1.8 ಕೆಜಿ ಒಳಗಿನ ಮಕ್ಕಳನ್ನ ಹುಟ್ಟಿದ ತಕ್ಷಣದಿಂದಲೇ ಹೀಗೆ ಇಟ್ಕೊಂಡ್ರೆ ಸಾವು ಕಾಲು ಭಾಗ ಕಮ್ಮಿ ಆಯ್ತು, ನಮ್ಮ ದೇಶದಲ್ಲಿ ಅದು ನಡೆದಿದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೇಲಿ. ಮಾರನೇ ವರ್ಷ ವಿಶ್ವ ಆರೋಗ್ಯ ಸಂಸ್ಥೇನೂ ದಿನಕ್ಕೆ 8ರಿಂದ 24 ಗಂಟೆ ಅಂತ ಶಿಫಾರಸು ಮಾಡ್ತು. ನಮ್ಮದೇ ಕೊಪ್ಪಳ ಜಿಲ್ಲೇಲಿ ಸರ್ಕಾರ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸೇರಿ ಇಡೀ ಜಿಲ್ಲೆಗೆ ಇದನ್ನ ತಲುಪಿಸೋ ಕೆಲಸ ಮಾಡಿದಾರೆ, ಆಸ್ಪತ್ರೆಯಿಂದ ಮನೇವರೆಗೆ.

ನಾನು ಚಿಕ್ಕೋಳನ್ನ ಮೊದಲ ಸಲ ಕಟ್ಕೊಂಡಿದ್ದು ಮೂರನೇ ದಿನ. ತಣ್ಣಗಿದ್ದ ಪಾದ ನನ್ನ ಪಕ್ಕೆಗೆ ತಾಗ್ತಿತ್ತು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೆ ಮಗುಗೆ ಚಳಿಯಾಗ್ತಿದೆ ಅಂತ, ಎರಡೂ ತಣ್ಣಗಿದ್ರೆ ಅಪಾಯ, ಇದಕ್ಕೆ ಥರ್ಮಾಮೀಟರ್ ಬೇಡ, ಕೈಯ ಹಿಂಬದಿ ಸಾಕು. ಇಪ್ಪತ್ತು ನಿಮಿಷಕ್ಕೆ ಆ ಪಾದ ಬೆಚ್ಚಗಾಯ್ತು. ಅವಳ ಉಸಿರು ನನ್ನ ಉಸಿರಿಗೆ ಕೂಡ್ಕೊಂಡ ಹಾಗೆ ನಿಧಾನ ಆಯ್ತು. ಅಲ್ಲಿವರೆಗೂ ಅವಳು ನನ್ನ ಮಗು ಅಂತ ನಂಗೆ ಅನ್ನಿಸಿರ್ಲಿಲ್ಲ, ಗಾಜಿನ ಆಚೆಗಿರೋ ಯಾವುದೋ ಜೀವ ಅನ್ನಿಸ್ತಿತ್ತು, ಇದನ್ನ ನಾನು ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ. ನಿಮಗೂ ಹಾಗನ್ನಿಸಿದ್ರೆ ಹೆದರ್ಬೇಡಿ, ನೀವು ಕೆಟ್ಟ ತಾಯಿ ಅಲ್ಲ.

ಅವಳಿ ಅಂದ್ಮೇಲೆ ಒಂದು ಎದೆ ಸಾಲಲ್ಲ. ಇಬ್ರನ್ನೂ ಒಟ್ಟಿಗೆ ಕಟ್ಕೋಬಹುದು, ಕಟ್ಕೊಂಡಿದೀನಿ, ಆದ್ರೆ ಅಮ್ಮನೂ ಮಲಗ್ಬೇಕಲ್ಲ. ನಮ್ಮೆಜಮಾನ್ರು ಮೊದಲು ಹಿಂದೆಮುಂದೆ ನೋಡಿದ್ರು, ವಾರ್ಡಲ್ಲಿ ಎಲ್ಲಾ ಹೆಂಗಸರು, ಅಂಗಿ ಬಿಚ್ಚೋದು ಹೇಗೆ ಅಂತ. ಸಿಸ್ಟರ್ ಮೂಲೇಲಿ ಒಂದು ಪರದೆ ಎಳೆದು ಕುರ್ಚಿ ಹಾಕ್ಕೊಟ್ರು. ದೊಡ್ಡೋನು ಅಪ್ಪನ ಎದೆ ಮೇಲೆ ಮಲಗಿ ಮೊದಲ ಸಲ ಸರಿಯಾಗಿ ಜೋರಾಗಿ ಅತ್ತ, ಏಳನೇ ದಿನ. ಹಸಿವಿಗೆ. ಆ ಅಳು ಕೇಳಿ ನಾನು, ನಮ್ಮಮ್ಮ, ನಮ್ಮತ್ತೆ ಮೂರೂ ಜನ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ.

ನೋಡೋಕೆ ಬರೋರ ಬಗ್ಗೆ ಒಂದೇ ಮಾತು. ಅವಳಿ ಅಂದ್ರೆ ಊರಿಗೆ ಊರೇ ಬರುತ್ತೆ. ಬೇಡ. ಕೈ ತೊಳೀದೆ ಮುಟ್ಟೋದು, ಕೆನ್ನೆಗೆ ಮುತ್ತು ಕೊಡೋದು ಯಾವುದೂ ಬೇಡ, ಹೊರಗೇ ನಿಂತು ಹರಸ್ಲಿ. ಇದನ್ನ ಬಾಣಂತಿ ಬಾಯಲ್ಲಿ ಹೇಳಿಸ್ಬೇಡಿ, ಅತ್ತೆಯವರೇ ನೀವೇ ಹೇಳಿ, ನಿಮ್ಮ ಮಾತು ನಡೆಯುತ್ತೆ.

ಸರ್ಕಾರಿ ಆಸ್ಪತ್ರೆ ಆದ್ರೆ 2011ರಿಂದ ಜನನಿ ಶಿಶು ಸುರಕ್ಷಾ ಅಂತ ಇದೆ, ಹೆರಿಗೆ, ಸಿಸೇರಿಯನ್, ಔಷಧಿ, ಎಳೆಮಗುವಿನ ಚಿಕಿತ್ಸೆ ಎಲ್ಲಾ ಉಚಿತ, ಮನೆಗೆ ಬಿಡೋಕೆ ನಗು-ಮಗು ಗಾಡಿ ಇದೆ. ಆಶಾ ಅಕ್ಕ 3, 7, 14, 21, 28, 42ನೇ ದಿನ ಮನೆಗೆ ಬರ್ತಾರೆ. ಆ ದಿನ ಪುಸ್ತಕ ತೋರಿಸಿ, ತೂಕ ಹಾಕಿಸಿ. ಕಣ್ಣಿನ ಪರೀಕ್ಷೆ ಮರೀಬೇಡಿ. ಹುಟ್ಟುವಾಗ 2 ಕೆಜಿಗಿಂತ ಕಮ್ಮಿ ಇದ್ದ ಮಗುಗೆ, ಇಲ್ಲಾ 34 ವಾರಕ್ಕಿಂತ ಮುಂಚೆ ಹುಟ್ಟಿದ್ದಕ್ಕೆ, ತಿಂಗಳೊಳಗೆ ಕಣ್ಣಿನ ಹಿಂಬದಿಯ ಪರದೆ ನೋಡಿಸ್ಲೇಬೇಕು, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಅಂತ ಕ್ಯಾಮೆರಾ ತಗೊಂಡು ಜಿಲ್ಲೆ ಜಿಲ್ಲೆಗೆ ಹೋಗಿ ನೋಡ್ತಾ ಇದಾರೆ. ಚಿಕ್ಕೋಳಿಗೆ 26ನೇ ದಿನ ಮಾಡಿಸಿದ್ವಿ, ಚೆನ್ನಾಗಿದೆ ಅಂದ್ರು. ಕಿವಿ ಪರೀಕ್ಷೆ ಇಬ್ರಿಗೂ ಮಾಡಿಸಿದ್ವಿ, ದೊಡ್ಡೋನದ್ದು ರಿಪೋರ್ಟ್ ಬರೋವರೆಗೂ ನಂಗೆ ಊಟ ಸೇರಿರ್ಲಿಲ್ಲ.

ಮನೆಗೆ ಬಂದ್ಮೇಲೆ ಬಾಣಂತನದ ವಿಷ್ಯ, ಇಲ್ಲಿರೋ ದೊಡ್ಡವರು ಬೇಜಾರು ಮಾಡ್ಕೋಬೇಡಿ. ನಂಗೆ ಎರೀರಿ, ಬಿಸಿ ಬಿಸಿ ಊಟ ಹಾಕಿ, ಬೆನ್ನಿಗೆ ಎಣ್ಣೆ ಹಚ್ಚಿ, ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಮಕ್ಕಳಿಗೆ ಮಾತ್ರ ತೂಕ ಏರಿ ಡಾಕ್ಟರ್ ಹೇಳೋವರೆಗೂ ಎರೆಯೋದು ಬೇಡ, ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು. ಸಾಂಬ್ರಾಣಿ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ತಡೆಯಲ್ಲ. ಜೇನುತುಪ್ಪ ನೆಕ್ಕಿಸೋದು ವರ್ಷ ತುಂಬೋವರೆಗೂ ಬೇಡವೇ ಬೇಡ. ಬಜೆ ತೇದು ನೆಕ್ಕಿಸೋದೂ ಬೇಡ. ನಮ್ಮತ್ತೆ ಬಜೆ ಬಿಟ್ರು, ಆದ್ರೆ ಬಜೆ ಬಳೆ ಕೈಗೆ ಕಟ್ಟಲೇಬೇಕು ಅಂದ್ರು, ಮಗು ಬಾಯಿಗೆ ಹಾಕ್ಕೊಳ್ಳದ ಹಾಗೆ ತೊಟ್ಟಿಲ ಕಂಬಕ್ಕೆ ಕಟ್ಟಿದ್ವಿ. ಇನ್ನೂ ಅಲ್ಲೇ ಇದೆ.

ಡಿಸ್ಚಾರ್ಜ್ ದಿನ ದೊಡ್ಡೋನು 2 ಕೆಜಿ 130, ಚಿಕ್ಕೋಳು 1 ಕೆಜಿ 860. ಮೂರು ದಿನ ಸತತವಾಗಿ ತೂಕ ಏರಿದ್ಮೇಲೇನೇ ಬಿಟ್ಟಿದ್ದು. ಈಗ ಇಬ್ರೂ ಎಲ್‌ಕೆಜಿ.

ಊಟಕ್ಕೆ ಎಲೆ ಹಾಕ್ತಾ ಇದಾರೆ, ನಿಲ್ಲಿಸ್ತೀನಿ. ಒಂದು ಗೊಂಬೆ, ಒಂದು ಹಳೇ ಕಾಟನ್ ಸೀರೆ, ಆ ಒಳಲೆ ತಂದಿದೀನಿ. ಅವಳಿ ಇರೋ ಇಬ್ರು ಅಮ್ಮಂದಿರು, ಯಜಮಾನ್ರು ಬಂದಿದ್ರೆ ಅವರೂ, ಊಟ ಆದ್ಮೇಲೆ ಹಿಂದಿನ ರೂಮಿಗೆ ಬನ್ನಿ, ಎದೆಗೆ ಕಟ್ಕೊಳ್ಳೋದು ಹೇಗೆ ಅಂತ ಕಟ್ಟಿ ತೋರಿಸ್ತೀನಿ.